ಗುಮಾಸ್ತನ ಜೋಳಿಗೆ: ಉಸಿರಿಗೂ ಒಂದು ಮಿತಿ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಪುರಾಣ ಹೇಳಿ ವಾಚಕರನ್ನು ದಣಿಸಿದ್ದೆ. ಈ ಸಲ ಬಾಡಿಗೆಯಿಲ್ಲದೆ ದೊರೆಯುವ ವಸ್ತುವೊಂದರ ವಿಚಾರ: ಉಸಿರು.

ಊರಿನಿಂದ ನಮ್ಮ ತಂದೆಯವರು ಮುಂಬಯಿಗೆ ಬಂದಿದ್ದಾರೆ. 40 ವರ್ಷ ಬೀಡಿ ಸೇದಿದ ಎದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಸಲ ಕೂರಬೇಕು. ಅರ್ಧ ದಿನ ರಜೆ ಹಾಕಿ ಡಾಕ್ಟರಲ್ಲಿಗೆ ಕರೆದೊಯ್ದೆ. ಅಲ್ಲಿ ಕೊಳವೆಯೊಂದನ್ನು ಬಾಯಿಗೆ ಕೊಟ್ಟು, ಎದೆ ತುಂಬ ಉಸಿರೆಳೆದು ಒಂದೇ ಬಿರುಸಿನಲ್ಲಿ ಊದಿರೆಂದರು. ತಂದೆಯವರು ಊದಿದರು, ಯಂತ್ರದ ಗೆರೆ ಬೇಗನೆ ಸೊರಗಿತು.

"ಅಪ್ಪಾ, ಜೋರಾಗಿ ಊದು! ಮನಸ್ಸಿಟ್ಟು ಊದು!" ಎಂದು ಗದರಿಸಿದೆ. ಮೂರನೆಯ ಸಲವೂ ಅದೇ ಗೆರೆ. ಅವರದು ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮುಖ.

"ಬಯ್ಯಬೇಡಿ. ಅವರು ಪ್ರಾಮಾಣಿಕವಾಗಿಯೇ ಊದಿದ್ದಾರೆ" ಎಂದರು ಡಾಕ್ಟರು. "ಎಳನೀರಿಗೆ ಕೊಡುವ ಕಾಗದದ ಸ್ಟ್ರಾ ನೆನೆದ ಮೇಲೆ ಬಲವಾಗಿ ಹೀರಿ ನೋಡಿದ್ದೀರಾ?"

ನೋಡಿದ್ದೆ. ಹೀರಿದಷ್ಟೂ ಅದು ಚಪ್ಪಟೆಯಾಗುತ್ತದೆಯೇ ಹೊರತು ನೀರು ಹೆಚ್ಚು ಬರುವುದಿಲ್ಲ.

ಎದೆಯೊಳಗೂ ಹೀಗೆಯೇ ಅಂತೆ. ನಾವು ಬಲವಾಗಿ ಊದುವಾಗ ಎದೆಯ ಒತ್ತಡ ಗಾಳಿಚೀಲಗಳ ಮೇಲೆ ಮಾತ್ರವಲ್ಲ, ಗಾಳಿ ಹೊರಬರುವ ಮೆತ್ತನೆಯ ನಾಳಗಳ ಮೇಲೂ ಬೀಳುತ್ತದೆ. ಗಾಳಿ ಬಾಯಿಯ ಕಡೆಗೆ ಹರಿದಂತೆ ನಾಳದ ಒಳಗಿನ ಒತ್ತಡ ಇಳಿಯುತ್ತದೆ. ಒಂದೆಡೆ ಒಳಗಿನದೂ ಹೊರಗಿನದೂ ಸಮವಾಗುತ್ತದೆ. ಅದರಿಂದಾಚೆ ನಾಳ ಅಮುಕಿಕೊಳ್ಳುತ್ತದೆ. ಇನ್ನೂ ಬಲ ಹಾಕಿದರೆ ತಳ್ಳುವುದು ಹೆಚ್ಚಿದಷ್ಟೇ ಅಮುಕುವುದೂ ಹೆಚ್ಚುತ್ತದೆ. ಜಮಾ ಖರ್ಚು ಸರಿ! ಎದೆ ತುಂಬಿರುವ ಮೊದಲ ಕ್ಷಣದಲ್ಲಿ ಮಾತ್ರ ನಮ್ಮ ಬಲಕ್ಕೆ ಬೆಲೆ. ಆಮೇಲಿನ ವೇಗವನ್ನು ಗೊತ್ತುಮಾಡುವುದು ಶ್ವಾಸಕೋಶದ ಹಿಗ್ಗಿ ಕುಗ್ಗುವ ರಬ್ಬರಿನಂಥ ಗುಣ, ಮತ್ತು ನಾಳಗಳ ಅಗಲ. ಅಮೆರಿಕದಲ್ಲಿ ಹಯಟ್, ಫ್ರೈ ಮೊದಲಾದವರು 1958ರಲ್ಲಿ ಈ ಮಿತಿಯನ್ನು ಅಳೆದು ತೋರಿಸಿದರು. ಮೀಡ್ ಮತ್ತು ಸಂಗಡಿಗರು 1967ರಲ್ಲಿ ಆ ಸಮಬಿಂದುವಿನ ವಿವರಣೆ ಕೊಟ್ಟರು.

ಆರೋಗ್ಯವಂತ ವಯಸ್ಕರು ಬಿರುಸಾಗಿ ಊದಿದ ಉಸಿರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಮೊದಲ ಒಂದು ಸೆಕೆಂಡಿನಲ್ಲೇ ಹೊರಬೀಳುತ್ತದೆ. ತಂದೆಯವರದು 48. ಹೊಗೆಯಿಂದ ರಬ್ಬರು ಸಡಿಲಾಗಿದೆ, ನಾಳ ಕಿರಿದಾಗಿದೆ. ಇದರಲ್ಲಿ ಮನಸ್ಸಿಡದ ತಪ್ಪೇನು ಬಂತು?

ಬೀಡಿ ಪೂರ್ತಿ ಬಿಡಬೇಕು, ಔಷಧವನ್ನು ದಿನವೂ ಸೇದಿಕೊಳ್ಳಬೇಕು ಎಂದರು ಡಾಕ್ಟರು. ದಮ್ಮು ಕಟ್ಟಿದಾಗ ಸಿಳ್ಳೆ ಹಾಕುವವರಂತೆ ತುಟಿ ಕೂಡಿಸಿ ಮೆಲ್ಲಗೆ ಉಸಿರು ಬಿಡಬೇಕಂತೆ. ಆಗ ನಾಳದೊಳಗೆ ಒತ್ತಡ ಉಳಿದು ಅದು ಬೇಗ ಮುಚ್ಚದು.

ಅಂದು ಸಂಜೆ ಮೆಟ್ಟಿಲು ಹತ್ತುವಾಗ ನಾನು ಅವಸರಪಡಿಸಲಿಲ್ಲ. ಮೊದಲ ಮಹಡಿಯಲ್ಲಿ ಕೂತು, "ಅಪ್ಪಾ, ಬೆಳಿಗ್ಗೆ ಗದರಿಸಿದ್ದು ತಪ್ಪಾಯಿತು" ಎಂದೆ. ಅವರು ತುಟಿ ಕೂಡಿಸಿ ಉಸಿರು ಬಿಟ್ಟು ಮುಗಿಸಿದ ಮೇಲೆ ಹೇಳಿದರು: "ಇರಲಿ ಮಗಾ, ಕೂತುಕೋ. ಕುರ್ಚಿಯ ಕೆಲಸ ನಿನ್ನದು. ನಿನಗೂ ಏದುಸಿರು ಬರ್ತಾ ಇದೆ."

ಮನೆಯಲ್ಲಿ ಹಿರಿಯರಿರುವ ವಾಚಕರು ಇಷ್ಟನ್ನು ನೆನಪಿಟ್ಟರೆ ಈ ಸಲದ ಜೋಳಿಗೆ ಸಾರ್ಥಕ.