ಅಗ್ಗದ ಬೆಲೆಯನ್ನು ತೆರುವವರು ಯಾರು?

ಮಾನ್ಯ ಸಂಪಾದಕರಿಗೆ,

ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು 2018ರಲ್ಲಿ 1600 ಕೋಟಿ ಡಾಲರುಗಳನ್ನು ತೆತ್ತು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ನೂರಕ್ಕೆ 77ರಷ್ಟು ಪಾಲನ್ನು ಕೊಂಡಂದಿನಿಂದ ಗ್ರಾಹಕನಿಗೆ ಸಕಲ ಸರಕುಗಳೂ ಅಗ್ಗವಾಗಿ ದೊರೆಯುತ್ತಿವೆಯೆಂದು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವು ಮುಕ್ತಕಂಠದಿಂದ ಪ್ರಶಂಸಿಸಿದೆ. ಸಾಧಾರಣ ಸಂಸಾರಸ್ಥನಿಗೆ ನಾಲ್ಕು ಕಾಸು ಉಳಿಯುವುದನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ, ನಾನೂ ದೂಷಿಸುವವನಲ್ಲ. ಆದರೆ ಬೆಲೆಯಲ್ಲಿ ಕಡಿಮೆಯಾದ ಆ ಹಣವು ಯಾರ ಪಾಲಿನಿಂದ ಕಳೆಯಿತೆಂಬ ಪ್ರಶ್ನೆಯನ್ನೇ ಎತ್ತದೆ ಲೇಖಕರು ಮುಂದೆ ಸಾಗಿರುವುದು ನನಗೆ ಸಮ್ಮತವಲ್ಲ.

ಸ್ಯಾಮ್ ವಾಲ್ಟನ್ ಎಂಬ ವರ್ತಕನು 1962ರಲ್ಲಿ ಅರ್ಕಾನ್ಸಾ ಪ್ರಾಂತದ ರಾಜರ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಈ ಸಂಸ್ಥೆಯ ಮೊದಲ ಅಂಗಡಿಯನ್ನು ತೆರೆದಾಗ ಅವನು ಅನುಸರಿಸಿದ ಮಾರ್ಗವು, ಅಂದರೆ ಲಾಭವನ್ನು ಅಲ್ಪವಾಗಿಟ್ಟುಕೊಂಡು ಮಾರಾಟವನ್ನು ಹಿಗ್ಗಿಸುವುದು, ಮತ್ತು ಸಾಗಾಣಿಕೆ ದಾಸ್ತಾನುಗಳ ವೆಚ್ಚದಲ್ಲಿ ಕಟ್ಟುನಿಟ್ಟಾಗಿರುವುದು, ಯಾವ ಧರ್ಮಕ್ಕೂ ವಿರುದ್ಧವಾದುದಲ್ಲ. ದೋಷವು ಹುಟ್ಟಿದ್ದು, ಆ ಅಂಗಡಿಯನ್ನು ಬಿಟ್ಟರೆ ತನಗೆ ಬೇರೆ ಗತಿಯಿಲ್ಲವೆಂಬ ಅವಸ್ಥೆಗೆ ಉತ್ಪಾದಕನು ಬಂದು ನಿಂತಾಗ. ಅಂದಿನಿಂದ ಬೆಲೆಯೆಂಬುದು ಇಬ್ಬರು ಕೂಡಿ ನಿಶ್ಚಯಿಸುವ ಸಂಗತಿಯಾಗಿ ಉಳಿಯದೆ, ಒಬ್ಬನು ವಿಧಿಸಿ ಇನ್ನೊಬ್ಬನು ತಲೆಬಾಗುವ ಆಜ್ಞೆಯಾಯಿತು. ಚಾರ್ಲ್ಸ್ ಫಿಶ್‌ಮನ್ ಎಂಬ ಪತ್ರಕರ್ತರು ವಿಸ್ತಾರವಾಗಿ ಬರೆದಿರುವ ವ್ಲಾಸಿಕ್ ಕಂಪನಿಯ ವೃತ್ತಾಂತ ಇಲ್ಲಿ ಸ್ಮರಣೀಯವಾಗಿದೆ. ಸೌತೆಕಾಯಿಯ ಉಪ್ಪಿನಕಾಯಿಗೆ ಹೆಸರಾದ ಆ ಕಂಪನಿಯ ಒಂದು ಗ್ಯಾಲನ್ ಜಾಡಿಯನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 3.8 ಲೀಟರಿನದನ್ನು, ವಾಲ್‌ಮಾರ್ಟ್ ಮೂರು ಡಾಲರಿಗೂ ಕಡಿಮೆ ಬೆಲೆಗೆ ಅಂಗಡಿಯ ಮುಂಭಾಗದಲ್ಲಿಟ್ಟು ಮಾರತೊಡಗಿತು. ಜನ ಅದನ್ನೇ ಮುಗಿಬಿದ್ದು ಕೊಂಡುದರಿಂದ, ಕಂಪನಿಗೆ ನಿಜವಾದ ಆದಾಯವನ್ನು ತರುತ್ತಿದ್ದ ಚಿಕ್ಕ ಜಾಡಿಗಳ ಮಾರಾಟ ಕುಗ್ಗಿ ಲಾಭ ಕರಗಿತು. ಬೆಲೆಯನ್ನು ಸ್ವಲ್ಪವಾದರೂ ಏರಿಸಬೇಕೆಂದು ಕಂಪನಿಯವರು ಬೇಡಿಕೊಂಡಾಗ, ಹಾಗಾದರೆ ನಿಮ್ಮ ಉಳಿದ ಸರಕುಗಳನ್ನೂ ಕೊಳ್ಳುವುದಿಲ್ಲವೆಂಬ ಬೆದರಿಕೆ ಅವರಿಗೆ ದೊರೆಯಿತು. 2001ರಲ್ಲಿ ಆ ಕಂಪನಿ ದಿವಾಳಿಯ ಅರ್ಜಿ ಸಲ್ಲಿಸಿತು. ಅದಕ್ಕೆ ಈ ಜಾಡಿಯೊಂದೇ ಕಾರಣವೆಂದು ಹೇಳುವುದು ನ್ಯಾಯವಾಗದು. ಆದರೆ ತನ್ನ ಸ್ವಂತ ಪದಾರ್ಥದ ಬೆಲೆಯನ್ನು ತಾನೇ ನಿರ್ಧರಿಸಲಾರದ ಉತ್ಪಾದಕನನ್ನು ಸ್ವತಂತ್ರನೆಂದು ಹೇಗೆ ಕರೆಯೋಣ?

ಉತ್ಪಾದಕನ ಪಾಡು ಹೀಗಾದರೆ ನೌಕರನ ಪಾಡು ಇದಕ್ಕಿಂತ ಶೋಚನೀಯ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಜಾನ್‌ಕಿಯರ್ ಎಂಬ ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ದುಡಿಯುತ್ತಿದ್ದ ಸುಮಾರು 190 ಮಂದಿ 2004ರಲ್ಲಿ ಕಾನೂನುಬದ್ಧವಾಗಿ ಸಂಘವನ್ನು ಕಟ್ಟಿಕೊಂಡರು. ಮರುವರ್ಷವೇ ಸಂಸ್ಥೆಯು ಆ ಅಂಗಡಿಯನ್ನೇ ಮುಚ್ಚಿಬಿಟ್ಟಿತು. ಹಾಗೆ ಮುಚ್ಚಿದ್ದು ಪ್ರಾಂತದ ಕಾರ್ಮಿಕ ಕಾನೂನಿನ ಉಲ್ಲಂಘನೆಯೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 2014ರಲ್ಲಿ. ನ್ಯಾಯ ದೊರೆತುದು ನಿಜ; ಆದರೆ ಸಂಸಾರವನ್ನು ಸಾಕುವ ನೌಕರನಿಗೆ ಒಂಬತ್ತು ವರ್ಷಗಳ ನಂತರ ಬರುವ ನ್ಯಾಯದಿಂದ ಕಳೆದುಹೋದ ಒಂಬತ್ತು ವರ್ಷಗಳು ಹಿಂದಿರುಗಲಾರವು. ಅಮೆರಿಕದಲ್ಲಿಯೇ, ಸರಕಾರದ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ಪ್ರಕಟಿಸಿದ ವರದಿಯು, ಕೆಲಸದಲ್ಲಿದ್ದೂ ಸರಕಾರದ ಆಹಾರ ಸಹಾಯವನ್ನೂ ವೈದ್ಯಕೀಯ ಸಹಾಯವನ್ನೂ ಅವಲಂಬಿಸಿದ ಕೆಲಸಗಾರರು ಅತ್ಯಧಿಕವಾಗಿರುವ ಮಾಲಿಕರಲ್ಲಿ ವಾಲ್‌ಮಾರ್ಟ್ ಒಂದೆಂದು ತೋರಿಸಿಕೊಟ್ಟಿತು. ಸಂಬಳದಲ್ಲಿ ಸಂಸ್ಥೆ ಉಳಿಸಿದುದನ್ನು ತೆರಿಗೆ ಕೊಡುವ ಪ್ರಜೆ ತುಂಬುತ್ತಾನೆ.

ಇದೆಲ್ಲ ಸಮುದ್ರದಾಚೆಯ ಕಥೆಯೆಂದು ತಮ್ಮ ಲೇಖಕರು ಹೇಳಬಹುದು. ಆದರೆ ನಮ್ಮಲ್ಲಿಯೂ ಸ್ಥಿತಿ ಬೇರೆಯಲ್ಲ. ವಿದೇಶೀ ಬಂಡವಾಳವುಳ್ಳ ಆನ್‌ಲೈನ್ ಮಾರುಕಟ್ಟೆಯು ಮಾರಾಟದ ಬೆಲೆಯ ಮೇಲೆ ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2016ರ ಮಾರ್ಚ್ ತಿಂಗಳಿನಿಂದ ಜಾರಿಯಲ್ಲಿದೆ. ಆದರೂ ನಮ್ಮ ಬಡಾವಣೆಯ ಮೊಬೈಲ್ ಅಂಗಡಿಯವರು, ತಾವು ಸಗಟಿನಲ್ಲಿ ಕೊಳ್ಳುವ ಬೆಲೆಗಿಂತ ಕಡಿಮೆಗೆ ಅದೇ ಫೋನು ಆನ್‌ಲೈನಿನಲ್ಲಿ ನೇರವಾಗಿ ಗಿರಾಕಿಯ ಕೈಸೇರುತ್ತಿದೆಯೆಂದೂ, ಕೆಲವು ಹೊಸ ಮಾದರಿಗಳಂತೂ ತಮಗೆ ದೊರೆಯುವುದೇ ಇಲ್ಲವೆಂದೂ ಹೇಳಿಕೊಂಡಾಗ ಅವರ ಮುಖವನ್ನು ನೋಡಲಾಗದು. ಹಬ್ಬದ ದಿನಗಳಲ್ಲಿ ಉದ್ದರಿ ಕೊಟ್ಟು, ಕೆಟ್ಟ ಫೋನನ್ನು ತಾವೇ ಸರಿಮಾಡಿಸಿ ಕೊಟ್ಟು, ಇಡೀ ಬೀದಿಯ ವಿಶ್ವಾಸವನ್ನು ಸಂಪಾದಿಸಿದವರು ಅವರು. ದೆಹಲಿಯ ವರ್ತಕರ ಒಕ್ಕೂಟವೊಂದು ಇಂಥವೇ ದೂರುಗಳನ್ನು ಮುಂದಿಟ್ಟಾಗ, ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡರ ಮೇಲೂ ತನಿಖೆಗೆ ಆಜ್ಞೆ ಮಾಡಿತು. ಆ ಆಜ್ಞೆಯನ್ನು ಪ್ರಶ್ನಿಸಿ ಎರಡು ಕಂಪನಿಗಳೂ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವು. ನ್ಯಾಯಾಲಯವು 2021ರಲ್ಲಿ ಅವುಗಳ ವಾದವನ್ನು ತಳ್ಳಿಹಾಕಿತು. ಇಷ್ಟಾಗಿಯೂ 2024ನೆಯ ಇಸವಿ ಮುಗಿದಾಗ ಆಯೋಗದ ಅಂತಿಮ ನಿರ್ಣಯ ಹೊರಬಿದ್ದಿರಲಿಲ್ಲ. ಈ ವಿಳಂಬದ ಅವಧಿಯಲ್ಲಿ ಬಾಗಿಲು ಹಾಕಿಕೊಂಡ ಅಂಗಡಿಯು, ನಿರ್ಣಯ ತನ್ನ ಪರವಾಗಿ ಬಂದ ಮಾತ್ರಕ್ಕೆ ಮತ್ತೆ ತೆರೆಯುವುದೆ?

ಅಗ್ಗವಾಗಿ ಮಾರುವುದನ್ನು ನಿಷೇಧಿಸಿರೆಂದು ನಾನು ಕೇಳುತ್ತಿಲ್ಲ. ರಿಯಾಯಿತಿಯ ಮೊತ್ತವನ್ನು ಭರಿಸಿದವರು ಯಾರು, ಸರಕು ಮಾಡಿದವನೋ, ಮಾರಿದವನೋ, ಅಥವಾ ಮಾರುಕಟ್ಟೆಯ ಒಡೆಯನೋ, ಎಂಬುದನ್ನು ಪ್ರತಿಯೊಂದು ಬಿಲ್ಲಿನಲ್ಲಿಯೂ ಸ್ಪಷ್ಟವಾಗಿ ನಮೂದಿಸತಕ್ಕದ್ದೆಂದು ಕೇಂದ್ರ ಸರಕಾರ ವಿಧಿಸಲಿ. ಸ್ಪರ್ಧಾ ಆಯೋಗವು ಇಂಥ ದೂರುಗಳನ್ನು ಇತ್ಯರ್ಥ ಮಾಡಲು ಕಾಲಮಿತಿಯನ್ನು ಗೊತ್ತುಮಾಡಿಕೊಂಡು ಅದಕ್ಕೆ ಬದ್ಧವಾಗಿರಲಿ. ತಮ್ಮ ಪತ್ರಿಕೆಯು ಮುಂದಿನ ಹಬ್ಬದ ಮಾರಾಟದ ವಾರ್ತೆಯನ್ನು ಪ್ರಕಟಿಸುವಾಗ, ಗ್ರಾಹಕನ ಸಂತೋಷದೊಡನೆ ನಮ್ಮ ಬೀದಿಬೀದಿಗಳ ವರ್ತಕರ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಿ ಬರೆಯಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ವಾಚಕ, ಮೈಸೂರು