ಯುದ್ಧನೌಕೆಯ ಉಕ್ಕು ಗಟ್ಟಿಯಾದಷ್ಟೂ ಒಳ್ಳೆಯದೇ?

ಐಎನ್‌ಎಸ್ ವಿಕ್ರಾಂತ್ ಹೆಸರು ಬಂದಾಗಲೆಲ್ಲ “ಇದರ ಉಕ್ಕು ವಜ್ರದಷ್ಟು ಗಟ್ಟಿ, ಏನು ಬಡಿದರೂ ಜಗ್ಗಲ್ಲ” ಎಂಬಂಥ ಮಾತುಗಳು ಫೋನಿನಿಂದ ಫೋನಿಗೆ ದಾಟುತ್ತವೆ. ಹೆಮ್ಮೆಪಡುವುದು ಸರಿಯೇ. ಆದರೆ ಹಡಗಿನ ಉಕ್ಕಿಗೆ ಗಟ್ಟಿತನವೊಂದೇ ಸಾಲದು.

ಗಾಜಿನ ಲೋಟ ಗಟ್ಟಿ, ಆದರೆ ಕೈಜಾರಿದರೆ ಚೂರುಚೂರು. ತಾಮ್ರದ ಚೊಂಬು ಬಿದ್ದರೆ ನೆಗ್ಗುತ್ತದೆ, ಒಡೆಯುವುದಿಲ್ಲ. ಪೆಟ್ಟು ತಿಂದರೂ ಬಿರುಕು ಬಿಡದೆ ತಾಳಿಕೊಳ್ಳುವ ಈ ಗುಣ ಹಡಗಿಗೆ ಬಹಳ ಮುಖ್ಯ.

ಈ ಪಾಠ ಕಲಿಸಿದ್ದು ಎರಡನೇ ಮಹಾಯುದ್ಧ. ಅಮೆರಿಕ ಆಗ ಅವಸರದಲ್ಲಿ ಸಾವಿರಾರು ಹಡಗುಗಳನ್ನು ಕಟ್ಟುತ್ತಿತ್ತು. ರಿವೆಟ್ ಹೊಡೆಯುವ ಬದಲು ತಗಡುಗಳನ್ನು ವೆಲ್ಡಿಂಗ್ ಮಾಡಿದ್ದರಿಂದ ಕೆಲಸ ಬೇಗ ಸಾಗಿತು. 1943ರ ಜನವರಿಯ ಒಂದು ಚಳಿಯ ರಾತ್ರಿ, ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಸುಮ್ಮನೆ ನಿಂತಿದ್ದ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲ ಹಡಗು ಹೆಚ್ಚುಕಡಿಮೆ ಎರಡು ತುಂಡಾಯಿತು. ಅಲೆಯೂ ಇರಲಿಲ್ಲ, ಶತ್ರುವೂ ಇರಲಿಲ್ಲ.

ಹಾಗಾದರೆ ತಪ್ಪು ವೆಲ್ಡಿಂಗಿನದೇ? ಅದು ಅರ್ಧ ಸತ್ಯ. ರಿವೆಟ್ ಹಾಕಿದ ಹಡಗಿನಲ್ಲಿ ತಗಡುಗಳು ಬೇರೆಬೇರೆ ಇರುವುದರಿಂದ ಬಿರುಕು ಒಂದು ತಗಡಿನ ಅಂಚಿನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ವೆಲ್ಡ್ ಮಾಡಿದ ಹಡಗು ಒಂದೇ ತುಂಡಿನಂತೆ. ಬಿರುಕು ಓಡುತ್ತಲೇ ಹೋಗಬಹುದು. ಆದರೆ ಮೂಲ ತೊಂದರೆ ಉಕ್ಕಿನಲ್ಲೇ ಇತ್ತು. ಚಳಿಯಲ್ಲಿ ಆ ಉಕ್ಕು ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಸಿಡಿಯುತ್ತದೆ ಎಂದು ಕೇಂಬ್ರಿಡ್ಜ್‌ನ ಲೋಹವಿಜ್ಞಾನಿ ಕಾನ್‌ಸ್ಟೆನ್ಸ್ ಟಿಪ್ಪರ್ ತೋರಿಸಿದರು. ಬಾಗಿಲುಗಂಡಿಗಳ ಚೂಪು ಮೂಲೆಗಳು ಬಿರುಕು ಹುಟ್ಟಲು ಜಾಗ ಕೊಟ್ಟಿದ್ದವು. ಮುಂದೆ ಅವುಗಳನ್ನು ದುಂಡಗೆ ಮಾಡಲಾಯಿತು.

ಹಾಗಾಗಿ ಇಂದು ನೌಕೆಯ ಉಕ್ಕನ್ನು ಒಪ್ಪಿಕೊಳ್ಳುವ ಮೊದಲು ಅದರ ಸಣ್ಣ ತುಂಡಿಗೆ ಕಚ್ಚು ಹಾಕಿ, ತಣ್ಣಗೆ ಮಾಡಿ, ತೂಗುವ ಸುತ್ತಿಗೆಯಿಂದ ಹೊಡೆಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕಾಯಿತು ಎಂಬುದೇ ಅಂಕ. ಇದು ಚಾರ್ಪಿ ಪರೀಕ್ಷೆ. ವೆಲ್ಡಿಂಗಿನ ಶಾಖ ಪಕ್ಕದ ಉಕ್ಕಿನ ಗುಣವನ್ನೂ ಬದಲಿಸುತ್ತದೆ. ತೇವ ಸೇರಿದರೆ ಅದರೊಳಗಿನ ಹೈಡ್ರೋಜನ್ ಗಂಟೆಗಳ ನಂತರವೂ ಬಿರುಕು ತರಬಲ್ಲದು. ಅದಕ್ಕೇ ಎಲೆಕ್ಟ್ರೋಡ್ ಒಣಗಿಸುತ್ತಾರೆ, ದಪ್ಪ ತಗಡನ್ನು ಮೊದಲೇ ಬಿಸಿ ಮಾಡುತ್ತಾರೆ, ಆಮೇಲೆ ಎಕ್ಸ್‌ರೇ, ಅಲ್ಟ್ರಾಸೌಂಡ್‌ನಿಂದ ಒಳಗನ್ನು ನೋಡುತ್ತಾರೆ.

ಈಗ ವಿಕ್ರಾಂತ್‌ಗೆ ಬರೋಣ. ಹೊರಗಿನಿಂದ ಉಕ್ಕು ಸಕಾಲಕ್ಕೆ ಸಿಗದಿದ್ದಾಗ, ಹೈದರಾಬಾದ್‌ನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಮತ್ತು ಉಕ್ಕು ಪ್ರಾಧಿಕಾರ ‘ಸೈಲ್’ ಸೇರಿ ಡಿಎಂಆರ್ 249 ದರ್ಜೆಯ ಉಕ್ಕನ್ನು ರೂಪಿಸಿದವು. ಇದರಲ್ಲಿ ಇಂಗಾಲ ಕಡಿಮೆ. ಹಾಗಾಗಿ ವೆಲ್ಡಿಂಗ್ ಸುಲಭ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ತಾಳಿಕೆ ಉಳಿಯುತ್ತದೆ. ಸೈಲ್ ಸುಮಾರು 30,000 ಟನ್ ಪೂರೈಸಿತು. ಕೊಚ್ಚಿಯಲ್ಲಿ ಕಟ್ಟಿದ ಹಡಗು 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿತು.

“ನೂರಕ್ಕೆ ನೂರು ಸ್ವದೇಶಿ” ಎಂಬ ಸಂದೇಶ ಬಂದರೆ ನೆನಪಿಡಿ: ಸರ್ಕಾರವೇ ಹೇಳಿದ ಲೆಕ್ಕ ಶೇ 76. ಅದೂ ಸಣ್ಣ ಸಾಧನೆಯಲ್ಲ. “ವಜ್ರದಷ್ಟು ಗಟ್ಟಿ” ಎಂದು ಬಂದರೆ, ಆ ಸಾಲು ತೆಗೆದು ಕಳಿಸಿ. ಸಾವಿರಕ್ಕೂ ಹೆಚ್ಚು ನಾವಿಕರ ಜೀವ ನಿಂತಿರುವುದು, ಪೆಟ್ಟು ಬಿದ್ದರೆ ನೆಗ್ಗಿದರೂ ಸೀಳದ ಉಕ್ಕಿನ ಮೇಲೆ.