ಬಿ.ಎಡ್. ತರಗತಿಗೆ ಯಾರನ್ನು ಸೇರಿಸಿಕೊಳ್ಳತಕ್ಕದ್ದು?

ಪ್ರತಿ ವರ್ಷವೂ ಪದವಿ ಪರೀಕ್ಷೆಗಳ ಫಲಿತಾಂಶವು ಪ್ರಕಟವಾದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರೂ ಅವರ ತಂದೆತಾಯಿಗಳೂ ಶಾಲೆಯ ಆಫೀಸಿಗೆ ಬಂದು, ಬಿ.ಎಡ್. ಸೀಟು ದೊರಕೀತೇ ಎಂದು ವಿಚಾರಿಸುವುದುಂಟು. ಎಷ್ಟು ಅಂಕ ಬಂದಿದೆಯೆಂದು ನಾವು ಕೇಳುತ್ತೇವೆ, ಅವರು ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹುಡುಗಿಗೆ ಮಕ್ಕಳೊಡನೆ ತಾಳ್ಮೆಯುಂಟೇ, ತಾನು ಮುಂದೆ ಕಲಿಸಬೇಕಾದ ವಿಷಯವು ಅವಳಿಗೆ ಬುಡದಿಂದ ತಿಳಿದಿದೆಯೇ ಎಂದು ಕೇಳುವ ಪ್ರಸಂಗವೇ ಒದಗುವುದಿಲ್ಲ. ಕೇಳಿದರೂ ಆ ಉತ್ತರದಿಂದ ಸೀಟು ಹತ್ತಿರವಾಗುವುದೂ ಇಲ್ಲ, ದೂರವಾಗುವುದೂ ಇಲ್ಲ. ನಾಳೆ ನಿಮ್ಮ ಮೊಮ್ಮಕ್ಕಳ ಮುಂದೆ ನಿಲ್ಲತಕ್ಕ ಉಪಾಧ್ಯಾಯಿನಿಯರನ್ನು ಆರಿಸುವ ಕ್ರಮವು ಇದಾಗಿರುವುದರಿಂದ, ಈ ಸ್ಮರಣ ಸಂಚಿಕೆಯ ಒಂದೆರಡು ಪುಟಗಳನ್ನು ಈ ವಿಚಾರಕ್ಕೆ ಉಪಯೋಗಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಈಗಿರುವ ನಿಯಮವನ್ನು ಮೊದಲು ಹೇಳುವೆವು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಬಂಧನೆಗಳಂತೆ, ಬಿ.ಎಡ್. ಸೇರಬಯಸುವವರು ಪದವಿಯಲ್ಲಿಯಾಗಲಿ ಸ್ನಾತಕೋತ್ತರ ಪದವಿಯಲ್ಲಿಯಾಗಲಿ ನೂರಕ್ಕೆ 50ರಷ್ಟು ಅಂಕಗಳನ್ನು ಪಡೆದಿರಬೇಕು. ವಿಜ್ಞಾನ ಗಣಿತಗಳನ್ನು ವಿಶೇಷವಾಗಿ ಓದಿದ ಇಂಜಿನಿಯರಿಂಗ್ ಪದವೀಧರರಿಗೆ ಇದು 55. ಮೀಸಲಾತಿಗೆ ಸೇರಿದವರಿಗೆ ಸರ್ಕಾರದ ನಿಯಮಾನುಸಾರ ರಿಯಾಯಿತಿಯುಂಟು. ಅರ್ಹರಾದವರೊಳಗೆ ಆಯ್ಕೆಯನ್ನು ಪದವಿಯ ಅಂಕಗಳಿಂದ ಮಾಡಬೇಕೋ, ಪ್ರವೇಶ ಪರೀಕ್ಷೆಯಿಂದಲೋ, ಮತ್ತಾವ ಕ್ರಮದಿಂದಲೋ ಎಂಬುದನ್ನು ಪರಿಷತ್ತು ಆಯಾ ರಾಜ್ಯ ಸರ್ಕಾರಕ್ಕೂ ವಿಶ್ವವಿದ್ಯಾನಿಲಯಕ್ಕೂ ಬಿಟ್ಟುಕೊಟ್ಟಿದೆ. ನಮ್ಮ ಕರ್ನಾಟಕದಲ್ಲಿ ಸರ್ಕಾರೀ ಪಾಲಿನ ಸೀಟುಗಳು ಪದವಿಯ ಅಂಕಗಳ ಮೆರಿಟ್ ಪಟ್ಟಿಯಂತೆಯೂ ಮೀಸಲಾತಿಯ ಕ್ರಮದಂತೆಯೂ ಹಂಚಿಕೆಯಾಗುತ್ತ ಬಂದಿವೆ. ಆಡಳಿತ ಮಂಡಳಿಯ ಪಾಲಿನ ಸೀಟುಗಳ ಸಂಗತಿ ಬೇರೆ. ಅದನ್ನು ಬಲ್ಲವರು ಬಲ್ಲರು.

ಪದವಿಯನ್ನೇ ಇಷ್ಟಾಗಿ ನೆಚ್ಚುವ ಅಭ್ಯಾಸವು ಹಳೆಯದು. 1882ರ ಹಂಟರ್ ಆಯೋಗವು, ಪದವೀಧರರಿಗೆ ಇತರರಿಗಿಂತ ಕಡಿಮೆ ಅವಧಿಯ ತರಬೇತಿಯು ಸಾಕೆಂದು ಸೂಚಿಸಿತು. 1904ರಲ್ಲಿ ಕರ್ಜನ್ನನ ಸರ್ಕಾರವು ಆ ಅವಧಿಯನ್ನು ಒಂದು ವರ್ಷವೆಂದು ನಿರ್ದೇಶಿಸಿತು. ನೂರು ವರ್ಷಗಳಿಗೂ ಮಿಕ್ಕಿ ನಡೆದ ಈ ಒಂದು ವರ್ಷದ ಪದ್ಧತಿಯು 2015ರಲ್ಲಿ ಎರಡು ವರ್ಷವಾಯಿತು. ಪದವೀಧರನಾದವನಿಗೆ ವಿಷಯವು ಗೊತ್ತೇ ಇದೆ, ಕಲಿಸುವ ಬಗೆಯನ್ನು ಮಾತ್ರ ತಿಳಿಸಿದರೆ ಸಾಕು ಎಂಬ ನಂಬಿಕೆಯೇ ಇದಕ್ಕೆ ತಳಹದಿ. ಜಿಲ್ಲೆಗೆ ಕೆಲವೇ ಮಂದಿ ಪದವೀಧರರಿದ್ದ ಕಾಲಕ್ಕೆ ಅದು ಸಲ್ಲುತ್ತಿದ್ದಿರಬಹುದು. ಅಲ್ಲದೆ ಆಗ, ಈಗಾಗಲೇ ತರಗತಿಯಲ್ಲಿ ನಿಂತು ಪಾಠ ಹೇಳಿದ್ದ ಉಪಾಧ್ಯಾಯರನ್ನು ಶಾಲೆಗಳೇ ತರಬೇತಿಗೆ ಕಳುಹಿಸುವ ರೂಢಿಯೂ ಇದ್ದಿತು. ಆ ಎರಡು ಆಧಾರಗಳೂ ಈಗಿಲ್ಲ; ನಂಬಿಕೆ ಮಾತ್ರ ಉಳಿದುಕೊಂಡಿದೆ.

ಹಾಗೆಂದು ಅಂಕಪಟ್ಟಿಯನ್ನು ನಾವು ಹಳಿಯಲಾರೆವು. ಅದರಲ್ಲಿ ಒಂದು ದೊಡ್ಡ ಗುಣವುಂಟು: ಅದಕ್ಕೆ ಮುಖದಾಕ್ಷಿಣ್ಯವಿಲ್ಲ. ಬೀಡಿ ಕಟ್ಟಿ ಸಂಸಾರವನ್ನು ಸಾಗಿಸುವ ತಾಯಿಯ ಮಗಳೂ, ಊರ ಪ್ರಮುಖರ ಮಗಳೂ ಒಂದೇ ಪಟ್ಟಿಯಲ್ಲಿ, ಒಂದೇ ಅಳತೆಯಿಂದ ನಿಲ್ಲುತ್ತಾರೆ. ಶಿಫಾರಸಿನ ಕಾಗದವು ಅಲ್ಲಿ ನಡೆಯದು. ನಮ್ಮ ಶಾಲೆಯಿಂದ ಹೋದ ಎಷ್ಟೋ ಹುಡುಗಿಯರು ಯಾರ ಹಂಗೂ ಇಲ್ಲದೆ ಉಪಾಧ್ಯಾಯಿನಿಯರಾದುದು ಈ ಪಟ್ಟಿಯ ದೆಸೆಯಿಂದಲೇ. ಆದುದರಿಂದ ಇದನ್ನು ಕಿತ್ತೊಗೆಯಬೇಕೆಂದು ಹೇಳುವವರ ಜೊತೆಗೆ ನಾವು ಸೇರುವುದಿಲ್ಲ.

ಆದರೆ ಈ ಪಟ್ಟಿಯು ಅಳೆಯುವುದು ಯಾವುದನ್ನು? ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಎರಡು ವರ್ಷಗಳಲ್ಲಿ ಒಟ್ಟು 20 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂದು ನಿಯಮವಿರುವುದರಿಂದ, ವರ್ಷವರ್ಷವೂ ಅವರನ್ನು ನಮ್ಮ ತರಗತಿಗಳಲ್ಲಿ ನೋಡುವ ಅವಕಾಶವು ನಮಗಿದೆ. ಅವರಲ್ಲಿ ಹೆಚ್ಚಿನವರು ವಿನಯಶೀಲರು, ದುಡಿಯುವವರು. ಚಾರ್ಟುಗಳನ್ನು ಬಹು ಸುಂದರವಾಗಿ ಬರೆದು ತರುತ್ತಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕೆ ಆಗುತ್ತದೆ?" ಎಂದು ಕೇಳಿದಳೆನ್ನಿ. ಪದವಿಯಲ್ಲಿ ನೂರಕ್ಕೆ 80ಕ್ಕೂ ಮೇಲೆ ಪಡೆದಿದ್ದವರು "ಅದು ನಿಯಮ, ಬರೆದುಕೋ" ಎಂದು ಕೂರಿಸಿದುದನ್ನು ಕಂಡಿದ್ದೇವೆ. ಪಟ್ಟಿಯ ತುದಿಯಲ್ಲಿ ಹೇಗೋ ಸೀಟು ಪಡೆದಿದ್ದ ಮತ್ತೊಬ್ಬಳು, "ನಿನ್ನ ಲೆಕ್ಕದ ಪುಸ್ತಕದಲ್ಲಿ ಐದೈದು ರೂಪಾಯಿಯ ಸಾಲಗಳು ಕೆಲವಿವೆ. ಅಂಗಡಿಯವನು ಮೂರನ್ನು ಹೊಡೆದುಹಾಕಿದ. ನೀನು ಎಷ್ಟು ಮೇಲೆ ಬಂದೆ?" ಎಂದು ಕೇಳಿದುದನ್ನೂ ಕಂಡಿದ್ದೇವೆ. ತರಗತಿಯು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ "ಹದಿನೈದು!" ಎಂದಿತು. ಇವಳಿಗೆ ಕೊಡತಕ್ಕ ಅಂಕವು ಯಾವ ವಿಶ್ವವಿದ್ಯಾನಿಲಯದ ಅಂಕಪಟ್ಟಿಯಲ್ಲಿಯೂ ಇಲ್ಲ. ಎಲ್ಲ ವರ್ಷಗಳ ಅನುಭವವೂ ಹೀಗೆಯೇ ಎಂದು ಹೇಳುವುದಿಲ್ಲ. ಅಂಕವೂ ತಿಳಿವಳಿಕೆಯೂ ಜೊತೆಯಾಗಿ ಬಂದವರು ಬೇಕಾದಷ್ಟು ಮಂದಿಯಿದ್ದಾರೆ. 72ಕ್ಕೂ 78ಕ್ಕೂ ನಡುವಣ ಆರು ಅಂಕಗಳು ಕಲಿಸುವ ಯೋಗ್ಯತೆಯ ವಿಷಯದಲ್ಲಿ ಏನನ್ನೂ ತಿಳಿಸುವುದಿಲ್ಲವೆಂಬುದಷ್ಟೇ ನಮ್ಮ ವಾದ. ಆ ಆರು ಅಂಕಗಳಿಗಾಗಿ ಒಬ್ಬಳು ಒಳಗೆ, ಒಬ್ಬಳು ಹೊರಗೆ.

ಇನ್ನೊಂದು ಅನ್ಯಾಯವು ವಿಶೇಷವಾಗಿ ಹೆಂಗಸರ ಪಾಲಿಗೆ ಬಂದಿದೆ. ಇದನ್ನು ಎತ್ತಿ ಹೇಳುವವರು ಕಡಿಮೆಯಾದುದರಿಂದ ಸ್ವಲ್ಪ ವಿಸ್ತರಿಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಪದವಿಯಾದ ಕೂಡಲೇ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮೂವತ್ತು ಮೂವತ್ತೈದರ ಪ್ರಾಯದಲ್ಲಿ ಬಿ.ಎಡ್. ಮಾಡಬಯಸುತ್ತಾರೆ. ಕೆಲವರು ಈ ನಡುವೆ ಊರ ಸಣ್ಣ ಖಾಸಗಿ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ಐದಾರು ವರ್ಷ ದುಡಿದೂ ಇರುತ್ತಾರೆ. ಇವರಲ್ಲಿ ಕೆಲವರು ಪದವಿ ಪಡೆದುದು ವರ್ಷಕ್ಕೊಂದು ಪರೀಕ್ಷೆಯಿದ್ದ ಕಾಲದಲ್ಲಿ. ಆಗ ನೂರಕ್ಕೆ 60 ಬಂದರೆ ಪ್ರಥಮ ದರ್ಜೆಯೆಂದು ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಈಗ ಸೆಮಿಸ್ಟರುಗಳೂ ಆಂತರಿಕ ಅಂಕಗಳೂ ಬಂದು, 80 ಎಂಬುದು ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಈ ಎರಡು ಕಾಲದ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದರೆ ಕೆಳಗೆ ಬೀಳುವವರು ಯಾರೆಂದು ಹೇಳಬೇಕಾಗಿಲ್ಲ. ಹಳೆಯ ಸೇರಿಗೂ ಹೊಸ ಕಿಲೋಗ್ರಾಮಿಗೂ ವ್ಯತ್ಯಾಸವುಂಟೆಂದು ದಿನಸಿ ಅಂಗಡಿಯವನೂ ಬಲ್ಲ. ಪ್ರವೇಶದ ಪಟ್ಟಿಯು ಮಾತ್ರ ಅರಿಯದು. ಮಕ್ಕಳನ್ನು ಸಾಕಿ, ತರಗತಿಯಲ್ಲಿ ನಿಂತು ಪಳಗಿದವಳನ್ನು ಹೊರಗಿರಿಸಿ ನಾವು ನಷ್ಟಪಡುತ್ತಿದ್ದೇವೆ.

ಹಾಗಾದರೆ ಸಂದರ್ಶನವನ್ನು ಇರಿಸಿದರಾಯಿತಲ್ಲ ಎಂದು ಕೆಲವರು ಹೇಳುವುದುಂಟು. ಇದಕ್ಕೆ ನಮ್ಮ ಸಮ್ಮತಿಯಿಲ್ಲ. ಮೇಜಿನ ಆಚೆ ಮೂವರು ಕುಳಿತು ಹತ್ತು ನಿಮಿಷ ಮಾತನಾಡಿಸಿದರೆ, ನಗರದ ಹುಡುಗಿಯು ಸರಾಗವಾಗಿ ಇಂಗ್ಲಿಷಿನಲ್ಲಿ ಉತ್ತರಿಸುವಳು. ಘಟ್ಟದ ಬುಡದಿಂದ ಬಸ್ಸು ಹಿಡಿದು ಬಂದವಳು ತಲೆ ತಗ್ಗಿಸುವಳು. ಜಾತಿ, ಮತ, ಬಣ್ಣ, ಉಡುಗೆ, ಹೆತ್ತವರ ಹೆಸರು, ಇವೆಲ್ಲವೂ ಆ ಹತ್ತು ನಿಮಿಷಗಳಲ್ಲಿ ಮಾತನಾಡತೊಡಗುತ್ತವೆ. ನಮ್ಮ ದೇಶದಲ್ಲಿ ಸಂದರ್ಶನದ ಬಾಗಿಲು ಹಣಕ್ಕೂ ಪ್ರಭಾವಕ್ಕೂ ಎಷ್ಟು ಸುಲಭವಾಗಿ ತೆರೆಯುವುದೆಂಬುದನ್ನು ಅರಿಯದವರಾರು? ಇದಲ್ಲದೆ, ಸ್ಫುಟವಾದ ಸ್ವರ, ಕಪ್ಪುಹಲಗೆಯ ಮೇಲಣ ಬರಹ, ತರಗತಿಯ ಕಡೆಗೆ ಮುಖ ಮಾಡಿ ನಿಲ್ಲುವುದು, ಇವೆಲ್ಲ ಕಲಿಸಿದರೆ ಬರತಕ್ಕವು. ಅವನ್ನು ಕಲಿಸಲಿಕ್ಕೆಂದೇ ಕಾಲೇಜು ಇರುವುದು. ಕಲಿಸಬಹುದಾದುದನ್ನು ಬಾಗಿಲಲ್ಲೇ ಪರೀಕ್ಷಿಸಿ ಹಿಂದಕ್ಕೆ ಕಳುಹಿಸುವುದು ನ್ಯಾಯವಲ್ಲ.

ಪರೀಕ್ಷಿಸತಕ್ಕದ್ದು, ಎರಡು ವರ್ಷಗಳ ತರಬೇತಿಯು ಒದಗಿಸಲಾರದ ಸಾಮಗ್ರಿಯನ್ನು. ಅದರಲ್ಲಿ ಮೊದಲನೆಯದು ವಿಷಯದ ತಿಳಿವಳಿಕೆ, ಅದೂ ಪ್ರೌಢಶಾಲೆಯ ಮಟ್ಟದಲ್ಲಿ, ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ.

ಇದು ನಮ್ಮೊಬ್ಬರದೇ ಅಭಿಪ್ರಾಯವಲ್ಲ. ಉಪಾಧ್ಯಾಯರ ಶಿಕ್ಷಣವನ್ನು ಕುರಿತು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯ ಆಯೋಗವು 2012ರಲ್ಲಿ ವರದಿಯನ್ನೊಪ್ಪಿಸಿದಾಗ, ಸೇರುವವರನ್ನು ಮೊದಲೇ ಪರೀಕ್ಷಿಸಿ ನೋಡುವ, ಎಲ್ಲರ ಕಣ್ಣಿಗೂ ಕಾಣುವಂಥ ಕ್ರಮವೊಂದನ್ನು ಆಯಾ ಪ್ರದೇಶದ ಪರಿಸ್ಥಿತಿಗೆ ತಕ್ಕಂತೆ ಏರ್ಪಡಿಸುವ ವಿಷಯವನ್ನು ಸರ್ಕಾರವು ಯೋಚಿಸಬೇಕೆಂದು ಸಲಹೆಯಿತ್ತಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಷಯಜ್ಞಾನ ಮತ್ತು ಅಭಿರುಚಿ ಎರಡನ್ನೂ ಪರೀಕ್ಷಿಸಿ ಪ್ರವೇಶ ಕೊಡಬೇಕೆನ್ನುತ್ತದೆ. ಅದರಂತೆ ನಾಲ್ಕು ವರ್ಷದ ಸಮಗ್ರ ಬಿ.ಎಡ್. ವ್ಯಾಸಂಗಕ್ಕೆ 2023ರಿಂದ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯು ಆರಂಭವಾಯಿತು. ದೂರ ಹೋಗುವುದೇಕೆ? 1963ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಪ್ರವೇಶ ಪರೀಕ್ಷೆಯನ್ನು ನಡೆಸಿ ಆರಿಸುವ ಪದ್ಧತಿಗೆ ಹೆಸರಾಗಿದೆ.

"ಅಭಿರುಚಿ ಪರೀಕ್ಷೆ" ಎಂಬುದರ ಬಗೆಗೆ ಮಾತ್ರ ನಮಗೆ ಸಂಶಯವುಂಟು. ವಿದ್ಯಾರ್ಥಿಯು ತಡವಾಗಿ ಬಂದರೆ ನೀವೇನು ಮಾಡುವಿರಿ? ಹೊಡೆಯುವೆನು, ಹೊರಗೆ ನಿಲ್ಲಿಸುವೆನು, ಕಾರಣವನ್ನು ಪ್ರೀತಿಯಿಂದ ವಿಚಾರಿಸುವೆನು, ಸುಮ್ಮನಿರುವೆನು. ಇದರಲ್ಲಿ ಮೂರನೆಯದಕ್ಕೆ ಗುರುತು ಹಾಕಬೇಕೆಂದು ಹೊಡೆಯುವವನಿಗೂ ಗೊತ್ತಿರುತ್ತದೆ. ಇಂಥ ಪ್ರಶ್ನೆಗಳಿಂದ ಕೋಚಿಂಗ್ ತರಗತಿಗಳವರಿಗೆ ಲಾಭವಾದೀತೇ ಹೊರತು ಮಕ್ಕಳಿಗಲ್ಲ.

ನಮ್ಮ ಸೂಚನೆಯು ಸರಳವಾದುದು. ಈಗಿರುವ 50ರ ಮಿತಿಯೂ ಅದರ ರಿಯಾಯಿತಿಗಳೂ ಹಾಗೆಯೇ ಇರಲಿ. ಮೀಸಲಾತಿಗೆ ಚ್ಯುತಿ ಬಾರದಿರಲಿ. ಆ ಹೊಸ್ತಿಲನ್ನು ದಾಟಿದವರೆಲ್ಲರಿಗೂ ಒಂದೇ ದಿನ, ಹೆಸರು ಕಾಣದಂತೆ ಸಂಖ್ಯೆ ಹಾಕಿದ ಕಾಗದಗಳಲ್ಲಿ, ಎಂಟು ಒಂಬತ್ತು ಹತ್ತನೆಯ ತರಗತಿಗಳ ಪಠ್ಯವನ್ನೇ ಆಧಾರವಾಗಿಟ್ಟುಕೊಂಡ ಲಿಖಿತ ಪರೀಕ್ಷೆಯು ನಡೆಯಲಿ. ಗುರುತು ಹಾಕುವ ಪ್ರಶ್ನೆಗಳು ಬೇಡ. ಬರೆದು ವಿವರಿಸುವ ಪ್ರಶ್ನೆಗಳಿರಲಿ. ಮಳೆಗಾಲದಲ್ಲಿ ಉಪ್ಪು ಏಕೆ ಒದ್ದೆಯಾಗುತ್ತದೆಂದು ಹದಿಮೂರು ವರ್ಷದ ಹುಡುಗಿಗೆ ತಿಳಿಯುವಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ, ವಿದ್ಯಾರ್ಥಿನಿಯು ಮಾಡಿರುವ ಈ ಲೆಕ್ಕವು ಎಲ್ಲಿ ತಪ್ಪಿತು, ಅವಳು ಏನೆಂದು ಭಾವಿಸಿ ಹಾಗೆ ಮಾಡಿರಬಹುದು ಎಂಬುದನ್ನು ಹೇಳಿರಿ, ಹೀಗೆ. ಈ ಕಾಗದಕ್ಕೆ ಅರ್ಧ ತೂಕವನ್ನೂ ಪದವಿಯ ಅಂಕಗಳಿಗೆ ಅರ್ಧ ತೂಕವನ್ನೂ ಕೊಡಲಿ. ಆರು ವರ್ಷ ಕಲಿಸಿ ಪಳಗಿದವಳಿಗೆ ಅನುಭವದ ಸರ್ಟಿಫಿಕೇಟು ಬೇಕಾಗಿಯೇ ಇಲ್ಲ. ಅವಳ ಅನುಭವವು ಆ ಉತ್ತರಗಳಲ್ಲಿಯೇ ಕಂಡುಬರುವುದು. ಇಂಥ ಉತ್ತರಗಳನ್ನು ತಿದ್ದಲಿಕ್ಕೆ ಹೆಚ್ಚು ಜನರೂ ಹೆಚ್ಚು ದಿನಗಳೂ ಬೇಕಾಗುವವೆಂಬ ಆಕ್ಷೇಪಣೆಯು ನಿಜವೇ. ಹತ್ತನೆಯ ತರಗತಿಯ ಲಕ್ಷಗಟ್ಟಲೆ ಮಕ್ಕಳ ಉತ್ತರಪತ್ರಿಕೆಗಳನ್ನು ಪ್ರತಿ ವರ್ಷವೂ ತಿದ್ದುವ ರಾಜ್ಯಕ್ಕೆ ಇದು ಅಸಾಧ್ಯವೆಂದು ಹೇಳಲಾಗದು.

ಮಕ್ಕಳೊಡನೆ ತಾಳ್ಮೆಯುಂಟೇ ಎಂಬುದನ್ನು ಕಾಗದದಿಂದ ಅಳೆಯಲಾಗದು. ಅದಕ್ಕಾಗಿ ಅರ್ಜಿ ಸಲ್ಲಿಸುವ ಮುನ್ನ ಪ್ರತಿಯೊಬ್ಬರೂ ಸಮೀಪದ ಪ್ರೌಢಶಾಲೆಯೊಂದರಲ್ಲಿ ಹತ್ತು ದಿನ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯ ತನಕ ಇದ್ದು ಬರಬೇಕೆಂಬ ನಿಯಮವಿದ್ದರೆ ಒಳ್ಳೆಯದು. ಶಾಲೆಯವರು ಬಂದಿದ್ದಾರೆಂದು ಮಾತ್ರ ಬರೆದುಕೊಡಲಿ; ಯೋಗ್ಯರೆಂದಾಗಲಿ ಅಯೋಗ್ಯರೆಂದಾಗಲಿ ಬರೆಯಕೂಡದು. ಬರೆಯುವ ಅಧಿಕಾರವಿಲ್ಲದಲ್ಲಿ ಶಿಫಾರಸಿಗೂ ಎಡೆಯಿಲ್ಲ. ಆ ಹತ್ತು ದಿನಗಳಲ್ಲಿ ಕೆಲವರು ತಾವಾಗಿಯೇ ಇದು ತಮ್ಮ ಕೆಲಸವಲ್ಲವೆಂದು ತಿಳಿದುಕೊಂಡಾರು. ಅದರಿಂದ ಅವರ ಎರಡು ವರ್ಷವೂ ಉಳಿಯಿತು, ತಂದೆಯ ಹಣವೂ ಉಳಿಯಿತು.

ಹೆತ್ತವರಿಗೆ ಎರಡು ಮಾತು. ಬಿ.ಎಡ್. ಆದರೆ ಯಾವ ಶಾಲೆಗಾದರೂ ಸಲ್ಲುತ್ತದೆಂಬ ಎಣಿಕೆ ಬೇಡ. ಒಂದರಿಂದ ಐದರ ತನಕದ ತರಗತಿಗಳ ಉಪಾಧ್ಯಾಯರ ನೇಮಕಕ್ಕೆ ಬಿ.ಎಡ್. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ತೀರ್ಪಿತ್ತಿದೆ; ಚಿಕ್ಕ ಮಕ್ಕಳಿಗೆ ಕಲಿಸಲು ಬಯಸುವವಳು ಅದಕ್ಕೆಂದೇ ಇರುವ ಡಿ.ಎಲ್.ಎಡ್. ವ್ಯಾಸಂಗದ ಕಡೆಗೆ ನೋಡಬೇಕು. ಎರಡನೆಯದಾಗಿ, ಹಾಜರಾತಿಯನ್ನು ಕೇಳದ ಕಾಲೇಜು ಯಾವುದೆಂದು ದಯವಿಟ್ಟು ನಮ್ಮಲ್ಲಿ ವಿಚಾರಿಸಬೇಡಿರಿ. ತರಗತಿಗಳಿಗೆ ನೂರಕ್ಕೆ 80, ಶಾಲೆಯಲ್ಲಿನ ಅಭ್ಯಾಸಕ್ಕೆ 90ರಷ್ಟು ಹಾಜರಾತಿ ಕಡ್ಡಾಯವೆಂಬುದು 2014ರ ನಿಬಂಧನೆ. ಮನೆಯಲ್ಲೇ ಕುಳಿತು ಉಪಾಧ್ಯಾಯಿನಿಯಾದವಳ ತರಗತಿಗೆ ತಮ್ಮ ಮಗುವನ್ನು ಕಳುಹಿಸಲು ಒಪ್ಪುವ ಹೆತ್ತವರನ್ನು ನಾವು ಈ ತನಕ ಕಂಡಿಲ್ಲ.

ಸರ್ಕಾರವು ನಿಯಮವನ್ನು ಮಾಡುವ ತನಕ ಕಾಯಬೇಕಾಗಿಲ್ಲ. ಬಿ.ಎಡ್.ಗೆ ಅರ್ಜಿ ಹಾಕಬೇಕೆಂದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಅವಿವಾಹಿತರಾಗಲಿ ಮಕ್ಕಳೊಂದಿಗರಾಗಲಿ, ದಸರಾ ರಜೆಯ ನಂತರ ಯಾವ ಹತ್ತು ದಿನಗಳಾದರೂ ಬಂದು ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬಹುದು. ಒಂದು ವಾರ ಮೊದಲು ಕಾಗದ ಬರೆದು ತಿಳಿಸಿರಿ. ಮಧ್ಯಾಹ್ನದ ಬುತ್ತಿಯನ್ನು ತಂದುಕೊಳ್ಳಿರಿ.